ಭೀಮಾ ತೀರ ಅಂದ್ರೆ ಬರೀ ಗನ್ನು, ಗಾಡಿ ಅಷ್ಟೇನಾ?

ಇಂಡಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲ್ಲೂಕಿನವನು, ವಿಜಯಪುರದಲ್ಲಿ ಬಿ.ಎ. ಓದುತ್ತಿದ್ದೇನೆ. ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ, ಇಲ್ಲಿ ಕೇಳಿಬಿಡೋಣ ಅಂತ ಬಂದೆ.

ಬೆಂಗಳೂರಿನವರಿಗೆ ಊರು ಹೇಳಿದರೆ ಮೊದಲ ಮಾತೇ "ಓ, ಭೀಮಾ ತೀರನಾ?" ಆಮೇಲೆ ಒಂದು ನಗು. ಕೆಲವರು ಕೈಯನ್ನೇ ಪಿಸ್ತೂಲು ಮಾಡಿ ತೋರಿಸುತ್ತಾರೆ. ಟಿವಿಯವರು "ಭೀಮಾ ತೀರದ ಹಂತಕರು" ಅಂತ ಹೇಳಿ ಹೇಳಿ ಅದು ಜನರ ಬಾಯಿಗೆ ಕೂತುಬಿಟ್ಟಿದೆ. ಇಲ್ಲಿ ಕೊಲೆ, ದ್ವೇಷ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇವೆ. ಆದರೆ ಕೆಲವರ ಜಗಳಕ್ಕೆ ಇಡೀ ನದಿ ದಂಡೆಯ ಹೆಸರು ಇಟ್ಟರೆ ಹೇಗೆ? ಬೆಂಗಳೂರಿನಲ್ಲಿ ಕೊಲೆಯಾದರೆ "ವೃಷಭಾವತಿ ತೀರದ ಹಂತಕರು" ಅಂತ ಯಾರೂ ಅನ್ನಲ್ಲ, ಅಲ್ವಾ?

ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ನಮ್ಮ ಹುಡುಗರ ಮೇಲೆ. ಈಗ ಆ ಹೆಸರನ್ನು ನಾವೇ ಗಾಡಿ ಹಿಂದೆ ಬರೆಸಿಕೊಳ್ಳುತ್ತಿದ್ದೇವೆ. ಇನ್‌ಸ್ಟಾಗ್ರಾಂ ತೆಗೆದರೆ ಬಿಳಿ ಅಂಗಿ, ಕಪ್ಪು ಕನ್ನಡಕ, ಯಾರದೋ ಸ್ಕಾರ್ಪಿಯೊ, ಹಿಂದೆ ಯಾವುದೋ ಸಿನಿಮಾ ಡೈಲಾಗು, ಕೆಳಗೆ "ಭೀಮಾ ತೀರದ ಹುಲಿ". ಹುಲಿಯ ಅಪ್ಪ ಅತ್ತ ಲಿಂಬೆ ಗಿಡ ಒಣಗುತ್ತಿವೆ ಅಂತ ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತಾ ಕೂತಿರುತ್ತಾನೆ.

ಇದೇ ಸೀಮೆಯ ಹಲಸಂಗಿಯಲ್ಲಿ ಕವಿ ಮಧುರಚೆನ್ನರು ಮತ್ತು ಅವರ ಗೆಳೆಯರು ಇದ್ದರು. ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುವ ಹಾಡುಗಳನ್ನು ಬರೆದುಕೊಂಡು 1931ರಲ್ಲೇ ಪುಸ್ತಕ ಮಾಡಿದರು. ನಮ್ಮ ಕ್ಲಾಸಿನಲ್ಲಿ ಆ ಹೆಸರು ಕೇಳಿದವರು ಕಡಿಮೆ. ಹಂತಕರ ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ.

ಹೊರಗಿನವರು ಅಂಟಿಸಿದ ಹೆಸರನ್ನು ನಾವು ಯಾಕೆ ಇಷ್ಟು ಖುಷಿಯಿಂದ ಹಾಕಿಕೊಳ್ಳುತ್ತೇವೆ? ಇದು ಟಿವಿ ತಪ್ಪಾ, ನಮ್ಮ ತಪ್ಪಾ?

ಹಳೇ ವರದಿಗಾರ:

ತಮ್ಮಾ, ಟಿವಿ ಕಡೆಯದನ್ನು ನಾನು ಹೇಳುತ್ತೇನೆ. ಕೆಲವು ವರ್ಷ ಒಂದು ಚಾನೆಲ್‌ಗೆ ಈ ಭಾಗದಿಂದ ಸುದ್ದಿ ಕಳಿಸುತ್ತಿದ್ದೆ. ಸಂಬಳ ಇಲ್ಲ. ಸುದ್ದಿ ಪ್ರಸಾರವಾದರೆ ಅದಕ್ಕೆ ಇಷ್ಟು ಅಂತ ದುಡ್ಡು. ಪ್ರಸಾರ ಆಗಲಿಲ್ಲ ಅಂದರೆ ಪೆಟ್ರೋಲ್ ಕೂಡ ನಮ್ಮದೇ.

ಮಹಾರಾಷ್ಟ್ರದಲ್ಲಿ ಮಳೆ ಜಾಸ್ತಿಯಾಗಿ ಅಲ್ಲಿನ ಉಜನಿ ಅಣೆಕಟ್ಟೆಯಿಂದ ಭೀಮಾ ಹೊಳೆಗೆ ನೀರು ಬಿಟ್ಟರೆ ಇಲ್ಲಿ ಹೊಳೆ ದಂಡೆಯ ಹೊಲ ಮುಳುಗುತ್ತವೆ. ಅದನ್ನು ಕಳಿಸಿದರೆ ಸೇತುವೆ ಮೇಲೆ ನೀರು ಹೋಗುವ ದೃಶ್ಯ ಮಾತ್ರ ತಗೊಳ್ಳುತ್ತಿದ್ದರು. ನೀರು ಇಳಿದ ಮೇಲೆ ಕೊಳೆತ ಬೆಳೆ, ಪರಿಹಾರಕ್ಕೆ ರೈತರು ಅಲೆಯುವುದು, ಇದೆಲ್ಲ ಯಾರಿಗೂ ಬೇಡ. ಅದೇ ಒಂದು ಕೊಲೆ ಅಂದರೆ ಡೆಸ್ಕಿನಿಂದ ಫೋನ್ ಮೇಲೆ ಫೋನ್. "ಹಳೇ ದ್ವೇಷ ಏನಾದ್ರೂ ಇದೆಯಾ? ಹಳೇ ಫೋಟೊ ಸಿಗುತ್ತಾ?" ಇಲ್ಲ ಸರ್, ಇದು ಅಣ್ಣತಮ್ಮಂದಿರ ಹೊಲದ ಜಗಳ ಅಂದರೂ ಸಂಜೆ ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ "ಭೀಮಾ ತೀರದಲ್ಲಿ ಮತ್ತೆ ಹರಿಯಿತು ನೆತ್ತರು"! ತಲೆಬರಹ ಇಡುವವರು ಹೊಳೆ ನೋಡಿದವರೇ ಅಲ್ಲ.

2006ರ ನಂತರ ಕನ್ನಡದಲ್ಲಿ ಒಂದರ ಹಿಂದೆ ಒಂದು 24 ಗಂಟೆಯ ಸುದ್ದಿ ಚಾನೆಲ್ ಬಂದವು. ಅಷ್ಟೂ ಹೊತ್ತು ತುಂಬಿಸಬೇಕಲ್ಲ. ಕ್ರೈಂ ಕಾರ್ಯಕ್ರಮಕ್ಕೆ ಖರ್ಚು ಕಡಿಮೆ. ಹಳೇ ಫೋಟೊ ಸಾಕು, ಒಂದು ಗಡಸು ದನಿ ಸಾಕು. ಹೆಸರೊಂದು ರೆಡಿ ಇದ್ದರೆ ಪ್ರತಿ ಸಲ ಹಿನ್ನೆಲೆ ವಿವರಿಸುವ ಕೆಲಸವೂ ಇಲ್ಲ. ನಿಮ್ಮ ಮೇಲೆ ದ್ವೇಷ ಇತ್ತು ಅಂತಲ್ಲ, ಅವರಿಗೆ ಅದು ಸಲೀಸು, ಅಷ್ಟೇ.

ರೀಲ್ಸ್ ರಾಜ, ಚಡಚಣ:

ನನ್ನಂಥವರ ಬಗ್ಗೆನೇ ಬರೆದಿದ್ದೀರಿ ಅಂತ ಗೊತ್ತಾಯ್ತು. ಬಿಳಿ ಅಂಗಿ ನಂದೇ, ಸ್ಕಾರ್ಪಿಯೊ ಮಾವಂದು.

ನಾನು ಮೊದಲು ಟಿಕ್‌ಟಾಕ್‌ನಲ್ಲಿ ಹೊಲದ ವಿಡಿಯೊ ಹಾಕುತ್ತಿದ್ದೆ. 2020ರ ಜೂನ್‌ನಲ್ಲಿ ಅದು ಬಂದ್ ಆಯ್ತು, ಎಲ್ಲಾ ಹೋಯ್ತು. ಇನ್‌ಸ್ಟಾದಲ್ಲಿ ಹೊಸದಾಗಿ ಶುರು ಮಾಡಿ ಲಿಂಬೆ ಆರಿಸುವುದು, ಚೀಲ ತುಂಬುವುದು, ಹರಾಜು, ಎಲ್ಲಾ ತೋರಿಸಿದೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಸೀಮೆಯದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ ಅಂತ ಕುಣಿದು ಹೇಳಿದೆ. ನೋಡಿದವರು ನಮ್ಮ ಮನೆಯವರು ಮತ್ತು ಒಬ್ಬ ಗೊಬ್ಬರದ ಅಂಗಡಿಯವನು. ಒಂದು ದಿನ ಸುಮ್ನೆ ಗಾಡಿ ಮೇಲೆ ಕಾಲಿಟ್ಟು ಒಂದು ಡೈಲಾಗ್ ಹಾಕಿದೆ, ರಾತ್ರಿ ಮಲಗಿ ಏಳುವಷ್ಟರಲ್ಲಿ ಫೋನು ಬಿಸಿಯಾಗಿತ್ತು. ಈಗ ನೀವೇ ಹೇಳಿ, ನಾನು ಯಾವುದನ್ನು ಹಾಕಲಿ?

ಇನ್ನೊಂದು ಮಾತು. ಸಿನಿಮಾ, ಸೀರಿಯಲ್‌ನಲ್ಲಿ ನಮ್ಮ ಕಡೆಯವನು ಅಂದರೆ ಕಾಮಿಡಿ ಪಾತ್ರ. ದೊಡ್ಡ ದನಿ, ಖಡಕ್ ರೊಟ್ಟಿ, ದಡ್ಡ. ಹೀರೊ ಮಾತ್ರ ನಮ್ಮ ಹಾಗೆ ಮಾತಾಡೋದು ಅಪರೂಪ. ಜನ ನಕ್ಕು ನೋಡುವುದಕ್ಕಿಂತ ಸ್ವಲ್ಪ ಹೆದರಿ ನೋಡಲಿ ಬಿಡಿ. ದಡ್ಡನಿಗಿಂತ ಹುಲಿ ವಾಸಿ.

ಸಿಂದಗಿ ಅಕ್ಕ:

ಮೂರೂ ಜನ ಗಂಡಸರ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ಈ ಹುಲಿ ಆಟದ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಗೊತ್ತಾ? ನನ್ನ ತಮ್ಮನೂ ಒಬ್ಬ ಹುಲಿ. ಹೊಳೆ ದಂಡೆಯಲ್ಲಿ ನಿಂತು ಮೀಸೆ ತಿರುವಿದ ವಿಡಿಯೊ ಹಾಕಿದ ದಿನವೇ ನನ್ನ ಅಕೌಂಟನ್ನು ಪ್ರೈವೇಟ್ ಮಾಡಿಸಿದ. ನಾನು ಹಾಕಿದ್ದು ಶೇಂಗಾ ಹೋಳಿಗೆ ಮಾಡುವ ವಿಡಿಯೊ, ಅದರಲ್ಲಿ ನನ್ನ ಕೈ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ಊರಿನ ಹುಡುಗರು ಸರಿ ಇಲ್ಲ ಅಕ್ಕಾ" ಅಂದ. ಊರಿನ ಹುಡುಗರು ಅಂದರೆ ಯಾರು? ಅವನೂ, ಅವನ ಗೆಳೆಯರೂ. ಹೆಣ್ಣು ನೋಡಲು ದೂರದಿಂದ ಬಂದವರು "ನಿಮ್ಮ ಕಡೆ ಗಲಾಟೆ ಜಾಸ್ತಿಯಂತೆ" ಅಂತ ಕೇಳಿದಾಗ ಉತ್ತರ ಕೊಡೋದು ನಾವು, ಹುಲಿಗಳು ಆಗ ಚಹಾ ತರಲು ಹೋಗಿರುತ್ತಾರೆ.

ಇಂಡಿ ತಮ್ಮಾ, ನಿನಗೂ ಒಂದು ಮಾತು. ಬೀಸುವ ಹಾಡನ್ನು "ನೋಡಿ ನಮ್ಮ ಸಂಸ್ಕೃತಿ" ಅಂತ ತೋರಿಸೋಕೆ ಎತ್ತಿಕೊಂಡು ಬರಬೇಡ. ನಮ್ಮಜ್ಜಿಗೆ ಇನ್ನೂ ಕೆಲವು ಬರುತ್ತವೆ. ತವರಿನ ನೆನಪು, ಅಣ್ಣ ಕರೆಯೋಕೆ ಬರಲಿಲ್ಲ ಅನ್ನೋ ಸಂಕಟ, ಅತ್ತೆ ಮನೆ ಕಷ್ಟ. ನಸುಕಿನಲ್ಲಿ ಬೀಸುತ್ತಾ ಯಾರಿಗೂ ಹೇಳಲಾಗದ್ದನ್ನು ಕಲ್ಲಿಗೆ ಹೇಳಿಕೊಂಡದ್ದು ಅದು. ಊರಿಗೆ ಗಿರಣಿ ಬಂತು, ಬೀಸುವುದು ನಿಂತಿತು, ಹಾಡೂ ನಿಂತಿತು. ಗಿರಣಿ ಬಂದದ್ದಕ್ಕೆ ಅಜ್ಜಿಗೆ ಒಂಚೂರೂ ಬೇಜಾರಿಲ್ಲ.

ಬೆಳಗಾವಿಯವ:

ನಮ್ಮದೂ ಇದೇ ಗೋಳು. ಬೆಳಗಾವಿ ಅಂದರೆ ಟಿವಿಗೆ ಗಡಿ ಗಲಾಟೆ, ಇಲ್ಲಾಂದ್ರೆ ಸುವರ್ಣ ವಿಧಾನಸೌಧದ ಅಧಿವೇಶನ. ಬಸ್ಸಿಗೆ ಮಸಿ ಬಳಿದ ಒಂದೇ ಕ್ಲಿಪ್ಪನ್ನು ದಿನವಿಡೀ ತಿರುಗಿಸುತ್ತಾರೆ. ಖಡೇಬಜಾರದಲ್ಲಿ ಅಂಗಡಿಯವನು ಒಂದೇ ಗಿರಾಕಿ ಜೊತೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಚೌಕಾಸಿ ಮಾಡುವುದು ಸುದ್ದಿಯಾಗಲ್ಲ. ಆದರೆ ನಾವೂ ಸಾಚಾ ಅಲ್ಲ. ಗಾಡಿ ಮೇಲಿನ ಬಾವುಟ ನೋಡಿದರೆ ಯಾರು ಯಾವ ಕಡೆ ಅಂತ ದೂರದಿಂದಲೇ ಹೇಳಬಹುದು.

ಇಂಡಿ ಹುಡುಗ:

ಅಕ್ಕಾರ, ನೀವು ಹೇಳಿದ್ದು ನಾಟಿತು. ಹಾಡಿನ ವಿಷಯದಲ್ಲಿ ಇನ್ನೂ ಯೋಚನೆ ಮಾಡಬೇಕು.

ರಾಜಣ್ಣ, ನಿಮ್ಮ ಕಷ್ಟ ಅರ್ಥ ಆಯ್ತು, ಆದರೆ ಒಪ್ಪಲ್ಲ. ದಡ್ಡ, ಇಲ್ಲಾಂದ್ರೆ ಹುಲಿ, ನಮಗೆ ಇರೋದು ಎರಡೇ ಪಾತ್ರನಾ? ಎರಡನ್ನೂ ಬರೆದವರು ಬೇರೆಯವರೇ. ನೀವು ಒಂದು ಬಿಟ್ಟು ಇನ್ನೊಂದು ಹಿಡಿದಿದ್ದೀರಿ ಅಷ್ಟೇ. ಆ ಲಿಂಬೆ ವಿಡಿಯೊ ಇನ್ನೂ ಇದ್ದರೆ ಲಿಂಕ್ ಕಳಿಸಿ.

ವರದಿಗಾರ ಸರ್, ನೀರು ಇಳಿದ ಮೇಲಿನ ಹೊಲದ ಫೂಟೇಜ್ ನಿಮ್ಮ ಹತ್ತಿರ ಇದೆಯಾ? ನಮ್ಮ ಕಾಲೇಜಿನಲ್ಲಿ ತೋರಿಸಬೇಕು ಅಂತಿದ್ದೇನೆ.

ಹಳೇ ವರದಿಗಾರ:

ಇರಬೇಕು, ಹಳೇ ಹಾರ್ಡ್ ಡಿಸ್ಕ್ ಹುಡುಕುತ್ತೇನೆ. ದನಿ ಇಲ್ಲ, ಬರೀ ದೃಶ್ಯ.

ರೀಲ್ಸ್ ರಾಜ, ಚಡಚಣ:

ಲಿಂಕ್ ಕಳಿಸಿದ್ದೇನೆ. ಲೈಕ್ ಒತ್ತಿ, ಕ್ಲಾಸಿನವರಿಗೂ ಹೇಳಿ. ಒಂದಿಷ್ಟು ಜನ ನೋಡಿದರೆ ಈ ಸಲದ ಹರಾಜೂ ಹಾಕ್ತೀನಿ. ಆದರೆ ಕನ್ನಡಕ ಮಾತ್ರ ತೆಗೆಯಲ್ಲ.