ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ನಿಯಮ ಬರೆಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಬಡಾವಣೆಯ ಗ್ರೂಪಿಗೆ ನಾನು ಅಡ್ಮಿನ್. ನೀರು ಬಿಡೋ ಸಮಯ, ಕರೆಂಟ್ ಕಟ್, ಕಸದ ಗಾಡಿ, ಇಷ್ಟಕ್ಕೇ ಅಂತ ಮಾಡಿದ ಗ್ರೂಪ್. ಈಗ ಬೀದಿನಾಯಿಗೆ ಊಟ ಹಾಕುವವರಿಗೂ ಬೇಡ ಅನ್ನುವವರಿಗೂ ದಿನಾ ಜಗಳ. ಮೊನ್ನೆ ರಾತ್ರಿ ಒಬ್ಬರು ಇನ್ನೊಬ್ಬರ ಮನೆ ಗೇಟಿನ ಫೋಟೋ ಹಾಕಿ "ಇವರೇ ನೋಡಿ" ಅಂತ ಬರೆದರು. ಆ ಮನೆಯ ಅಜ್ಜಿ ಮಾರನೇ ದಿನ ವಾಕಿಂಗಿಗೇ ಬರಲಿಲ್ಲ. ತುಂಬಾ ಬೇಜಾರಾಯಿತು.

ಫೋಟೋ ಅಳಿಸಿದೆ. ಯಾರ ಮೆಸೇಜನ್ನಾದರೂ ಎಲ್ಲರ ಫೋನಿಂದ ಅಳಿಸಲು ಅಡ್ಮಿನ್‌ಗೆ ಅವಕಾಶ ಇದೆ. ತಕ್ಷಣ "ಪಕ್ಷಪಾತ" ಅನ್ನೋ ಮಾತು ಬಂತು. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ ಅಂತ ಕೆಲವರ ಸಲಹೆ. ನನಗದು ಒಪ್ಪಿಗೆಯಿಲ್ಲ. ಪೈಪ್ ಒಡೆದರೆ ಮೊದಲು ನೋಡಿದವರೇ ಹೇಳಬೇಕು ಅಲ್ವಾ?

ಕೇಸಿನ ಭಯದಿಂದ ಕೇಳುತ್ತಿಲ್ಲ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ಅಕ್ಕಪಕ್ಕದವರು ಮುಖ ಮುರಿದುಕೊಳ್ಳಬಾರದು, ಅಷ್ಟೇ ನನ್ನ ಚಿಂತೆ.

ನಿಮ್ಮ ಗ್ರೂಪಿನ ನಿಯಮಗಳು ಕನ್ನಡದಲ್ಲಿದ್ದರೆ ದಯವಿಟ್ಟು ಕಳಿಸಿ. ಗದರಿಸೋ ಧಾಟಿ ಬೇಡ, ನಾಲ್ಕೈದು ಸಾಲು ಸಾಕು. ಅಳಿಸುವ ಮೊದಲು ಎಚ್ಚರಿಕೆ ಕೊಡುತ್ತೀರಾ? ಎಲ್ಲರೆದುರೋ, ಖಾಸಗಿಯಾಗೋ? ವಾಟ್ಸಾಪಿನಲ್ಲಿ ಕಮ್ಯುನಿಟಿ (ಹಲವು ಗ್ರೂಪುಗಳನ್ನು ಒಟ್ಟಿಗೆ ಸೇರಿಸಿಡುವ ಸೌಲಭ್ಯ) ಮಾಡಿ ನಾಯಿ ವಿಷಯಕ್ಕೇ ಬೇರೆ ಗ್ರೂಪ್ ಇಟ್ಟವರು ಇದ್ದರೆ, ಜಗಳ ಕಡಿಮೆ ಆಯಿತಾ ಹೇಳಿ. ಎರಡು ಬಾಣದ ಗುರುತಿರುವ, ಅಂದರೆ ಆಗಲೇ ಹಲವು ಸಲ ಕೈಬದಲಾಗಿ ಬಂದ ಫಾರ್ವರ್ಡ್‌ಗಳನ್ನು ಸುಮ್ನೆ ಹಾಕುತ್ತಲೇ ಇರುವ ಹಿರಿಯರಿಗೆ ನೋವಾಗದಂತೆ ಹೇಗೆ ಹೇಳೋದು? ಭಾನುವಾರ ಬಡಾವಣೆಯವರ ಸಭೆ ಇದೆ, ಅದಕ್ಕೆ ಮುಂಚೆ ತಿಳಿಸಿದರೆ ಬಹಳ ಉಪಕಾರ.