ಮಾಡೆಲ್ ರೈಲಿನ ‘ಮೊಮೆಂಟಮ್’ಗೆ ಸಂವೇಗ ಅಂದರೆ ಸರಿಯೇ?

ಗೆಳೆಯರೇ, ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ವಿಷಯ ಮಾಡೆಲ್ ರೈಲಿನದು, ಪ್ರಶ್ನೆ ಕನ್ನಡದ್ದು.

ಮನೆಯಲ್ಲಿ ಎಚ್‌ಒ ಅಳತೆಯ ಹಳಿ ಹಾಕಿದ್ದೇನೆ, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯದು. ಹಳಿಯಲ್ಲಿ ಕರೆಂಟಿನ ಜೊತೆಗೇ ಆಜ್ಞೆಯೂ ಹೋಗುತ್ತದೆ, ಎಂಜಿನ್ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದದ್ದನ್ನು ಮಾತ್ರ ಕೇಳಿಸಿಕೊಂಡು ಮೋಟಾರ್ ಓಡಿಸುತ್ತದೆ. ಹೋದ ತಿಂಗಳು ಸೋದರಮಾವ ಬಂದಿದ್ದರು. ನಾಬ್ ತಿರುಗಿಸಿದರು, ಎಂಜಿನ್ ಟಕ್ಕನೆ ಜಿಗಿದು ಓಡಿತು. “ಇದೇನೋ, ಇಲಿ ಓಡಿದ ಹಾಗೆ ಓಡ್ತದೆ” ಅಂದರು. ಡಿಕೋಡರಿನ ಸಿವಿ 3 ಅನ್ನುವ ಸೆಟ್ಟಿಂಗನ್ನು 20ಕ್ಕೆ ಇಟ್ಟು ಮತ್ತೆ ಕೊಟ್ಟೆ. ಈ ಸಲ ಗೂಡ್ಸ್ ಗಾಡಿ ಮೆಲ್ಲಗೆ ಕದಲಿತು, ಒಂದೊಂದೇ ಡಬ್ಬಿ ಹಿಂದೆ ಬಂತು, ಆಮೇಲೆ ವೇಗ ಹಿಡಿಯಿತು. “ಹಾಂ, ಈಗ ಗಾಡಿ ಎಳೀತಿದೆ ನೋಡು. ಏನು ಮಾಡ್ದೆ? ಅದಕ್ಕೆ ಏನಂತಾರೆ?” ಮೊಮೆಂಟಮ್ ಅಂದೆ. ಕನ್ನಡದಲ್ಲಿ ಹೇಳು ಅಂದರು. ಶಾಲೆಯಲ್ಲಿ ಕಲಿತ ‘ಸಂವೇಗ’ ಬಾಯಿಗೆ ಬಂತು, ಹೇಳಿಬಿಟ್ಟೆ. ಅವತ್ತಿನಿಂದ ಅದು ತಪ್ಪು ಅನ್ನಿಸುತ್ತಲೇ ಇದೆ.

ಯಾಕೆ ಅಂದರೆ, ಸಂವೇಗ ಅಂದರೆ ದ್ರವ್ಯರಾಶಿ ಗುಣಿಸು ವೇಗ. ಮಾಡೆಲ್ ಎಂಜಿನ್‌ಗೆ ಅದು ಇರುವುದೇ ಚೂರು. ಉದ್ದ, ಅಗಲ, ಎತ್ತರ ಮೂರೂ 87 ಪಾಲು ಕುಗ್ಗುವುದರಿಂದ 100 ಟನ್ ಎಂಜಿನ್ ಲೆಕ್ಕಕ್ಕೆ ಸುಮಾರು 150 ಗ್ರಾಮಿಗೆ ಬಂದು ನಿಲ್ಲುತ್ತದೆ. ಅದರ ಮೇಲೆ, ಹೆಚ್ಚಿನ ಎಂಜಿನ್‌ಗಳಲ್ಲಿ ಮೋಟಾರಿನಿಂದ ಚಕ್ರಕ್ಕೆ ವರ್ಮ್ ಗೇರ್ ಇರುತ್ತದೆ. ಮೋಟಾರ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು. ಹಾಗಾಗಿ ಕರೆಂಟ್ ಹೋದರೆ ಗಾಡಿ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಮೋಟಾರಿಗೆ ಫ್ಲೈವೀಲ್ ಅನ್ನುವ ಭಾರದ ಚಕ್ರ ಇದ್ದರೆ ಒಂದಿಷ್ಟು ದೂರ ಜಾರಬಹುದು ಅಷ್ಟೆ. ನಾವು ಮೊಮೆಂಟಮ್ ಅನ್ನುವುದು ಡಿಕೋಡರ್ ಮಾಡುವ ನಟನೆ. ವೇಗವನ್ನು ಅದು 28 ಅಥವಾ 128 ಮೆಟ್ಟಿಲು ಮಾಡಿಕೊಂಡಿರುತ್ತದೆ, ನಾವು ಒಮ್ಮೆಗೇ ನಾಬ್ ಪೂರ್ತಿ ತಿರುಗಿಸಿದರೂ ಒಂದೊಂದು ಮೆಟ್ಟಿಲಲ್ಲೂ ಸ್ವಲ್ಪ ಹೊತ್ತು ನಿಂತು ನಿಂತು ಏರುತ್ತದೆ. ಎಷ್ಟು ಹೊತ್ತು ಅನ್ನುವುದೇ ಸಿವಿ 3. ಅದರ ಸಂಖ್ಯೆಯನ್ನು 0.896ರಿಂದ ಗುಣಿಸಿದರೆ, ನಿಂತಲ್ಲಿಂದ ಪೂರ್ತಿ ವೇಗಕ್ಕೆ ಎಷ್ಟು ಸೆಕೆಂಡ್ ಅಂತ ಸಿಗುತ್ತದೆ. 20 ಇಟ್ಟರೆ ಸುಮಾರು 18 ಸೆಕೆಂಡ್. ಇಳಿಯುವಾಗ ಇದೇ ಕೆಲಸ ಸಿವಿ 4ರದ್ದು.

ನನಗೆ ಜಾಸ್ತಿ ತಲೆಬಿಸಿ ಮಾಡಿದ್ದು ಮುಂದಿನದು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ನಿನ ಡಿಸಿಸಿ ದಾಖಲೆಗಳಲ್ಲಿ ಸಿವಿ 3ರ ಹೆಸರು ‘ಆಕ್ಸೆಲರೇಷನ್ ರೇಟ್’. ನಮ್ಮ ಪಠ್ಯಪುಸ್ತಕದ ಮಾತಿನಲ್ಲಿ ‘ವೇಗೋತ್ಕರ್ಷದ ದರ’ ಅಲ್ವಾ? ಆದರೆ ಸಂಖ್ಯೆ ಹೆಚ್ಚಿಸಿದಷ್ಟೂ ಗಾಡಿಯ ವೇಗೋತ್ಕರ್ಷ ಕಡಿಮೆಯಾಗುತ್ತದೆ! “ವೇಗೋತ್ಕರ್ಷದ ದರವನ್ನು 40ಕ್ಕೆ ಏರಿಸಿ” ಅಂತ ಕನ್ನಡದಲ್ಲಿ ಬರೆದರೆ ಓದಿದವರು ಗಾಡಿ ಚುರುಕಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. ಪದಕ್ಕೆ ಪದ ಇಟ್ಟರೆ ಇಲ್ಲಿ ಅರ್ಥವೇ ಉಲ್ಟಾ.

ಜರ್ಮನ್ನರು ಇದನ್ನು ಬೇರೆ ದಾರಿಯಲ್ಲಿ ಬಿಡಿಸಿದ್ದಾರೆ. ಸಿವಿ 3 ಅವರಿಗೆ ‘ಆನ್‌ಫಾರ್‌ಫರ್‌ಟ್ಸ್ಯೋಗೆರುಂಗ್’, ಹೊರಡುವಾಗಿನ ವಿಳಂಬ. ಸಿವಿ 4 ‘ಬ್ರೆಮ್ಸ್‌ಫರ್‌ಟ್ಸ್ಯೋಗೆರುಂಗ್’, ಬ್ರೇಕ್ ಹಾಕುವಾಗಿನದು. ಸಂಖ್ಯೆ ಏರಿದರೆ ವಿಳಂಬವೂ ಏರುತ್ತದೆ, ಗೊಂದಲ ಇಲ್ಲ. ಎರಡನೆಯದರಲ್ಲಿ ಸ್ವಲ್ಪ ತೊಡಕಿದೆ, ಯಾಕೆಂದರೆ ಆ ಪದಕ್ಕೆ ವಿಳಂಬ ಅನ್ನುವುದರ ಜೊತೆಗೆ ಭೌತಶಾಸ್ತ್ರದಲ್ಲಿ ವೇಗ ಇಳಿಯುವಿಕೆ ಅನ್ನುವ ಅರ್ಥವೂ ಇದೆ. ಆದರೂ ಯಂತ್ರದ ಒಳಗಿನದನ್ನು ಬಿಟ್ಟು ಓಡಿಸುವವನ ಕಣ್ಣಿಗೆ ಕಾಣುವುದಕ್ಕೆ ಹೆಸರಿಟ್ಟರಲ್ಲ, ಅದು ನನಗೆ ಹಿಡಿಸಿತು.

ಹಾಗಂತ ಕನ್ನಡದಲ್ಲಿ ‘ತಡ’ ಅನ್ನಲು ಮನಸ್ಸು ಬರಲಿಲ್ಲ. ತಡ ಅಂದರೆ ಗಾಡಿ ನಿಂತೇ ಇದ್ದು ಆಮೇಲೆ ಹೊರಟ ಹಾಗೆ. ಇಲ್ಲಿ ಗಾಡಿ ಕೂಡಲೇ ಕದಲುತ್ತದೆ, ಏರುವುದು ಮಾತ್ರ ಮೆಲ್ಲಗೆ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಮಾತು ‘ನಿಧಾನ’. ಸಿವಿ 3ಕ್ಕೆ ‘ಏರುನಿಧಾನ’, ಸಿವಿ 4ಕ್ಕೆ ‘ಇಳಿನಿಧಾನ’ ಅಂತ ಬರೆದುಕೊಂಡಿದ್ದೇನೆ. “ಇಳಿನಿಧಾನ ಜಾಸ್ತಿ ಇಟ್ಟರೆ ಸ್ಟೇಷನ್ನಿಗೆ ಎರಡು ಮಾರು ಮೊದಲೇ ನಾಬ್ ಇಳಿಸಬೇಕು” ಅಂದರೆ ಮಾವನಿಗೂ ಅರ್ಥವಾಗುತ್ತದೆ. (ತುರ್ತು ನಿಲುಗಡೆಯ ಗುಂಡಿ ಒತ್ತಿದರೆ ಮಾತ್ರ ಡಿಕೋಡರ್ ಇಳಿನಿಧಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಗಾಡಿ ಥಟ್ಟನೆ ನಿಲ್ಲುತ್ತದೆ.)

ಉಳಿದಿರುವುದು ಎರಡನ್ನೂ ಸೇರಿಸಿ ಹೇಳುವ ಮಾತು. ಇಂಗ್ಲಿಷಿನವರು ಮೊಮೆಂಟಮ್ ಅಂದು ಮುಗಿಸುತ್ತಾರೆ. ಡಿಕೋಡರ್ ಬರುವ ಮೊದಲೂ, ಥ್ರಾಟಲ್ (ವೇಗದ ನಾಬ್ ಇರುವ ಪೆಟ್ಟಿಗೆ) ಒಳಗೆ ಕೆಪಾಸಿಟರ್ ಇಟ್ಟು ಇದನ್ನೇ ಮಾಡುತ್ತಿದ್ದಾಗಲೂ, ಅದೇ ಮಾತು. ಭೌತಶಾಸ್ತ್ರದ ಕಣ್ಣಲ್ಲಿ ‘ಜಡತ್ವ’ ಹೆಚ್ಚು ಹತ್ತಿರ, ಯಾಕೆಂದರೆ ಅದರಲ್ಲಿ ಹೊರಡಲು ಒಲ್ಲದಿರುವುದೂ ಇದೆ, ನಿಲ್ಲಲು ಒಲ್ಲದಿರುವುದೂ ಇದೆ. ಆದರೆ ಜಡ ಅಂದರೆ ಸೋಮಾರಿತನದ ವಾಸನೆ ಬರುತ್ತದೆ, ಚೆಂದವಾಗಿ ಹೊರಟ ಗಾಡಿಗೆ ಅದು ಒಪ್ಪುವುದಿಲ್ಲ. “ಓಡಿ ಬಂದ ರಭಸಕ್ಕೆ ಬಿದ್ದ” ಅನ್ನುತ್ತೇವಲ್ಲ, ಆ ‘ರಭಸ’ ಆಡುಮಾತಿನ ಮೊಮೆಂಟಮ್ಮೇ ಹೌದು, ಆದರೆ ಹೊರಡುವ ಹೊತ್ತಿನ ಭಾರ ಅದರಲ್ಲಿ ಇಲ್ಲ. ‘ತೂಕ’ ನನಗೆ ತುಂಬ ಇಷ್ಟವಾಗಿತ್ತು. ಆದರೆ ಡಬ್ಬಿ ಹಳಿ ತಪ್ಪದಿರಲಿ ಅಂತ ಅದರೊಳಗೆ ನಿಜವಾದ ತೂಕವನ್ನೇ ಅಂಟಿಸುತ್ತೇವೆ. ಎಚ್‌ಒ ಡಬ್ಬಿಗೆ 1 ಔನ್ಸ್, ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್ ಅಂತ ಅದೇ ಅಸೋಸಿಯೇಷನ್ನಿನ ಸಲಹೆ ಇದೆ. “ತೂಕ ಹೆಚ್ಚಿಸು” ಅಂದರೆ ಸೀಸ ತರಬೇಕೋ ಸಿವಿ 3 ಬದಲಿಸಬೇಕೋ ಗೊತ್ತಾಗುವುದಿಲ್ಲ.

ನನ್ನ ಕೇಳಿಕೆ ಎರಡು. ಏರುನಿಧಾನ, ಇಳಿನಿಧಾನ ನಿಮ್ಮ ಕಿವಿಗೆ ಹೇಗಿದೆ? ಇನ್ನೊಂದು, ಹೇರಿದ ಎತ್ತಿನ ಗಾಡಿ ಮೊದಲು ಕದಲಲು ಹಟ ಮಾಡಿ, ಕದಲಿದ ಮೇಲೆ ಇಳಿಜಾರಿನಲ್ಲಿ ಎತ್ತುಗಳನ್ನೇ ದೂಡಿಕೊಂಡು ಬರುತ್ತಿತ್ತಲ್ಲ, ಅದಕ್ಕೆ ಗಾಡಿ ಹೊಡೆಯುವವರ ಬಾಯಲ್ಲಿ ಒಂದೇ ಪದ ಇತ್ತೇ? ನಿಮ್ಮ ಊರ ಕಡೆ ಕೇಳಿದ್ದಿದ್ದರೆ, ಯಾವ ಊರು ಅನ್ನುವುದನ್ನೂ ಸೇರಿಸಿ ಬರೆಯಿರಿ.