ಹಾಲಿವುಡ್‌ನಲ್ಲಿ ಜೋಡಿಯಾಗಿ ಕಾಮಿಡಿ ಬರೆಯುವವರು ದಿನಾ ಏನು ಮಾಡ್ತಾರೆ?

ಮೂರನೇ ಬೆಲ್ ಕೇಳಿದ್ದು:

ನಾನು, ನನ್ನ ಗೆಳೆಯ ಇಬ್ಬರೂ ಮೈಸೂರಿನ ಒಂದು ಹವ್ಯಾಸಿ ತಂಡಕ್ಕೆ ನಗೆನಾಟಕ ಬರೆಯುತ್ತೇವೆ. ಈಗ ಒಂದು ವೆಬ್ ಸರಣಿ ಬರೆಯಿರಿ ಅಂತ ಒಬ್ಬರು ಕರೆದಿದ್ದಾರೆ. ಖುಷಿಯೇನೋ ಇದೆ. ಆದರೆ ಬರೆಯಲು ಕೂತರೆ ಅರ್ಧ ದಿನ ಹರಟೆ, ಉಳಿದರ್ಧ ಜಗಳ. ಸಂಜೆ ನೋಡಿದರೆ ಒಂದೂವರೆ ಪುಟ. ಅದರಲ್ಲೂ ಒಂದು ಪುಟ ಮಾರನೇ ದಿನ ಕಸಕ್ಕೆ.

ಹಾಲಿವುಡ್‌ನಲ್ಲಿ ಇಬ್ಬರು ಸೇರಿ ಬರೆದೇ ಹೊಟ್ಟೆ ಹೊರೆಯುವವರು ಇದ್ದಾರಲ್ಲ, ಅವರ ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ? ಒಬ್ಬ ಕಥೆ, ಒಬ್ಬ ಜೋಕ್ ಅಂತ ಹಂಚಿಕೊಳ್ಳುತ್ತಾರಾ? ದುಡ್ಡು ಹೇಗೆ? ಸುಮ್ನೆ ಸ್ಫೂರ್ತಿ ತುಂಬುವ ಮಾತು ಬೇಡ, ಗೊತ್ತಿರುವವರು ಹೇಳಿ.

ಕಾಫಿಪುಡಿ:

ಹರಟೆಯೇ ಕೆಲಸ ಕಣ್ರೀ, ಅದಕ್ಕೇಕೆ ಬೇಜಾರು! ಹಾಲಿವುಡ್ ಕಾಮಿಡಿ ಬರೆಯುವ ಸೇತ್ ರೋಗನ್, ಇವಾನ್ ಗೋಲ್ಡ್‌ಬರ್ಗ್ ಇಬ್ಬರೂ ವ್ಯಾಂಕೂವರ್‌ನಲ್ಲಿ 13 ವರ್ಷದ ಹುಡುಗರಾಗಿದ್ದಾಗ ಹರಟುತ್ತಲೇ 'ಸೂಪರ್‌ಬ್ಯಾಡ್' ಬರೆಯಲು ಶುರು ಮಾಡಿದ್ದು. ಅದು ಸಿನಿಮಾ ಆಗಿ ತೆರೆಗೆ ಬಂದಿದ್ದು 2007ರಲ್ಲಿ. ನಾಯಕರಿಬ್ಬರಿಗೂ ತಮ್ಮ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇವತ್ತಿಗೂ ಜೊತೆಗಿದ್ದಾರೆ. ನೀವಿನ್ನೂ ಒಂದೂವರೆ ಪುಟಕ್ಕೇ ಸುಸ್ತಾದರೆ ಹೇಗೆ?

ಧಾರವಾಡದಾಂವ:

ನಾನು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಅಸಿಸ್ಟೆಂಟ್ ಎಡಿಟರ್. ಬರಹಗಾರ ಅಲ್ಲ. ಆದರೆ ಬರಹಗಾರ ಜೋಡಿಗಳು ನಮ್ಮ ಎಡಿಟಿಂಗ್ ಕೋಣೆಗೆ ಬಂದು ಸೋಫಾ ಮೇಲೆ ಕೂರುತ್ತಾರೆ, ಹಾಗಾಗಿ ಹತ್ತಿರದಿಂದ ನೋಡಿದ್ದೇನೆ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಒಂದು ಹಳೇ ಜೋಡಿಯ ವಿಷಯ. ಯಾಕಂದರೆ ಇಲ್ಲಿ ಈಗಲೂ ಎಲ್ಲರೂ ಆ ಜೋಡಿಯ ಮಾತೇ ಎತ್ತುತ್ತಾರೆ. ನಿರ್ದೇಶಕ ಬಿಲ್ಲಿ ವೈಲ್ಡರ್ ಮತ್ತು ಅವರ ಜೊತೆ ಬರೆಯುತ್ತಿದ್ದ ಐ.ಎ.ಎಲ್. ಡೈಮಂಡ್. 1957ರಿಂದ 1981ರವರೆಗೆ ಜೊತೆಯಾಗಿ 12 ಸಿನಿಮಾ ಬರೆದರು. ಇಬ್ಬರಿಗೂ ಇಂಗ್ಲಿಷ್ ಹುಟ್ಟುಭಾಷೆ ಅಲ್ಲ. ವೈಲ್ಡರ್ ಹುಟ್ಟಿದ್ದು ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ. ಹಿಟ್ಲರ್ ಬಂದ ಮೇಲೆ ಬರ್ಲಿನ್ ಬಿಟ್ಟು ಓಡಿಬಂದವರು. ಡೈಮಂಡ್ ಹುಟ್ಟಿದ್ದು ಆಗಿನ ರೊಮೇನಿಯಾದ ಉಂಗೇನಿಯಲ್ಲಿ, ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಶಾಲೆಯಲ್ಲಿ ಗಣಿತದಲ್ಲಿ ಗಟ್ಟಿಗ. ಐ.ಎ.ಎಲ್. ಅಂದರೆ ಏನು ಅಂತ ಕೇಳಿದರೆ 'ಇಂಟರ್‌ಸ್ಕೊಲಾಸ್ಟಿಕ್ ಆಲ್ಜೀಬ್ರಾ ಲೀಗ್' ಅಂತ ತಮಾಷೆ ಮಾಡುತ್ತಿದ್ದರಂತೆ.

ಅವರ ದಿನಚರಿ ಕೇಳಿದರೆ ನಿಮಗೆ ನಿರಾಸೆ ಆಗಬಹುದು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಆಫೀಸು. ಬ್ಯಾಂಕ್ ಗುಮಾಸ್ತರ ಹಾಗೆ ಬಾಗಿಲು ತೆಗೆಯುತ್ತಿದ್ದೆವು ಅಂತ ವೈಲ್ಡರ್ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾ ಉದ್ಯಮದ ಪತ್ರಿಕೆಗಳನ್ನು ಓದುವುದು, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವುದು. ಏನೂ ಹೊಳೆಯದ ದಿನವೂ ಅಷ್ಟೇ, ಎದ್ದು ಹೋಗುವ ಹಾಗಿಲ್ಲ. ಡೈಮಂಡ್ ಟೈಪ್‌ರೈಟರ್ ಮುಂದೆ. ವೈಲ್ಡರ್ ಕೈಯಲ್ಲೊಂದು ಕೋಲು ಹಿಡಿದು ಅತ್ತಿಂದಿತ್ತ ಓಡಾಟ. ಕಥೆ ಒಬ್ಬರದು, ಜೋಕ್ ಒಬ್ಬರದು ಅನ್ನುವ ಹಂಚಿಕೆ ಇರಲಿಲ್ಲ. ಪ್ರತಿ ಸಾಲೂ ಆ ಕೋಣೆಯಲ್ಲಿ ಬಾಯಿಬಿಟ್ಟು ಹೇಳಿ, ಇನ್ನೊಬ್ಬರು ಕೇಳಿ, ಆಮೇಲೇ ಕಾಗದಕ್ಕೆ.

ನಿಮ್ಮ ಜಗಳದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಡೈಮಂಡ್ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ ಅಂದರೆ 'ಯಾಕಾಗಬಾರದು?' ಅಷ್ಟೇ ಅಂತ ವೈಲ್ಡರ್ ಹೇಳುತ್ತಿದ್ದರು. ಅದಕ್ಕಿಂತ ಜಾಸ್ತಿ ಇಲ್ಲ. ಒಬ್ಬರಿಗೆ ಹಿಡಿಸಲಿಲ್ಲ ಅಂದರೆ ಆ ಸಾಲು ಬಿಡುವುದು, ಮೂರನೆಯದೊಂದು ಹುಡುಕುವುದು. ನನ್ನದೇ ಸರಿ ಅಂತ ವಾದ ಮಾಡಿ ಗೆಲ್ಲುವ ಪದ್ಧತಿಯೇ ಇಲ್ಲ. ಕಾಮಿಡಿಯಲ್ಲಿ ವಾದ ಗೆದ್ದು ಏನು ಉಪಯೋಗ ಹೇಳಿ, ಎದುರಿಗಿರುವವನಿಗೆ ನಗು ಬರಲಿಲ್ಲ ಅಂದರೆ ಬರಲಿಲ್ಲ. ಜೋಡಿಯಲ್ಲಿ ಬರೆಯುವವರಿಗೆ ಸಿಗುವ ದೊಡ್ಡ ಲಾಭವೇ ಇದು: ಮೊದಲ ಪ್ರೇಕ್ಷಕ ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ. ಅವನು ಸುಳ್ಳು ನಗು ನಗಬಾರದು, ಇಷ್ಟೇ ಷರತ್ತು.

'ಸಮ್ ಲೈಕ್ ಇಟ್ ಹಾಟ್' (1959) ಕೊನೆಯ ಮಾತು ನೆನಪಿದೆಯಲ್ವಾ? ಹೆಣ್ಣುವೇಷದ ಜಾಕ್ ಲೆಮನ್ ವಿಗ್ ಕಿತ್ತು 'ನಾನು ಗಂಡಸು' ಅಂದಾಗ ಮುದುಕ ಸಾಹುಕಾರ ಕೊಂಚವೂ ಅಲುಗಾಡದೆ 'ಪರವಾಗಿಲ್ಲ ಬಿಡು, ಎಲ್ಲರಲ್ಲೂ ಏನಾದರೊಂದು ಕೊರತೆ ಇದ್ದೇ ಇರುತ್ತೆ' ಅನ್ನುವ ಅರ್ಥದಲ್ಲಿ ಹೇಳುತ್ತಾನಲ್ಲ, ಅದು. ಆ ಸಾಲು ಡೈಮಂಡ್ ಕೊಟ್ಟಿದ್ದು. ವೈಲ್ಡರ್‌ಗೆ ಪೂರ್ತಿ ಸಮಾಧಾನ ಇರಲಿಲ್ಲ. ಸದ್ಯಕ್ಕೆ ಇರಲಿ, ಇನ್ನೂ ಒಳ್ಳೆಯದು ಸಿಕ್ಕಿದರೆ ಬದಲಿಸೋಣ ಅಂತ ಇಟ್ಟುಕೊಂಡರು. ಸಿಗಲೇ ಇಲ್ಲ. ನಿಮ್ಮ ಕಸಕ್ಕೆ ಹೋಗುವ ಪುಟ ಇದೆಯಲ್ಲ, ಅದರಲ್ಲೂ 'ಸದ್ಯಕ್ಕೆ ಇರಲಿ' ಅಂತ ಒಂದಷ್ಟು ಉಳಿಸಿಕೊಳ್ಳಿ.

ಜಗಳವಾಡಿಕೊಂಡೇ ಚೆನ್ನಾಗಿ ಬರೆದವರೂ ಇದ್ದಾರೆ. ಡೈಮಂಡ್‌ಗಿಂತ ಮೊದಲು ಇದೇ ವೈಲ್ಡರ್‌ಗೆ ಚಾರ್ಲ್ಸ್ ಬ್ರ್ಯಾಕೆಟ್ ಜೊತೆಗಾರ. 1936ರಲ್ಲಿ ಪ್ಯಾರಮೌಂಟ್ ಸ್ಟುಡಿಯೋ ಕೂಡಿಸಿದ ಜೋಡಿ. ಬ್ರ್ಯಾಕೆಟ್ ಸುಮಾರು 14 ವರ್ಷ ದೊಡ್ಡವರು, ಹಾರ್ವರ್ಡ್‌ನಲ್ಲಿ ಕಾನೂನು ಓದಿದ ಸಾಹುಕಾರರ ಮಗ, ರಿಪಬ್ಲಿಕನ್. ವೈಲ್ಡರ್ ತದ್ವಿರುದ್ಧ. ಕೂಗಾಟ ಇದ್ದೇ ಇತ್ತು. ಆದರೂ 1950ರ 'ಸನ್‌ಸೆಟ್ ಬುಲೆವಾರ್ಡ್'ವರೆಗೆ ಎಳೆದರು. ಆ ಸಿನಿಮಾಕ್ಕೆ ಆಸ್ಕರ್ ಬಂತು, ಜೋಡಿ ಮುರಿಯಿತು.

ಈಗ ದುಡ್ಡು. ಇದು ನೀವು ಅಂದುಕೊಂಡಷ್ಟು ಚಂದ ಇಲ್ಲ. ಇಲ್ಲಿ ರೈಟರ್ಸ್ ಗಿಲ್ಡ್, ಅಂದರೆ ಬರಹಗಾರರ ಸಂಘದ ಲೆಕ್ಕದಲ್ಲಿ ಜೋಡಿ ಅಂದರೆ ಒಬ್ಬ ಬರಹಗಾರ. ಎರಡು ಹೊಟ್ಟೆ, ಒಂದು ಸಂಭಾವನೆ. 100 ಡಾಲರ್ ಬಂತು ಅನ್ನಿ. ಏಜೆಂಟ್‌ಗೆ 10. ಮ್ಯಾನೇಜರ್ ಇದ್ದರೆ ಇನ್ನೊಂದು 10. ವಕೀಲರಿಗೆ 5. ಗಿಲ್ಡ್‌ಗೆ ಒಂದೂವರೆ. ಉಳಿದ 73 ಚಿಲ್ಲರೆಯನ್ನು ಇಬ್ಬರಿಗೆ ಹಂಚಿದರೆ ತಲೆಗೆ 36 ಚಿಲ್ಲರೆ. ಆಮೇಲೆ ತೆರಿಗೆಯವರು ಬರುತ್ತಾರೆ. ಟಿವಿ ಧಾರಾವಾಹಿಯ ಬರಹಗಾರರೆಲ್ಲ ಸೇರಿ ಕೂರುವ ರೈಟರ್ಸ್ ರೂಮ್‌ನಲ್ಲೂ ಹಾಗೇ. ಇಬ್ಬರೂ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುತ್ತಾರೆ, ಸಂಬಳ ಒಂದು ಕುರ್ಚಿಯದ್ದು. ಚಾನೆಲ್‌ನವರಿಗೆ ಲಾಭ. ಹಾಗಾಗಿ ಹೊಸಬರಾದ ಜೋಡಿಗೆ ಬಾಗಿಲು ಸ್ವಲ್ಪ ಬೇಗ ತೆರೆಯುತ್ತದೆ ಅನ್ನುವುದೂ ನಿಜ.

ಇನ್ನೂ ದೊಡ್ಡ ಪೆಟ್ಟು ಆರೋಗ್ಯ ವಿಮೆಯದ್ದಾಗಿತ್ತು. ವರ್ಷಕ್ಕೆ ಇಂತಿಷ್ಟು ಗಳಿಸಿದರೆ ಮಾತ್ರ ಗಿಲ್ಡ್ ವಿಮೆ. ಜೋಡಿಯವರದ್ದು ಅರ್ಧರ್ಧ ಲೆಕ್ಕ ಹಾಕಿದರೆ ಇಬ್ಬರೂ ಆ ಗೆರೆ ದಾಟುತ್ತಿರಲಿಲ್ಲ. 2023ರಲ್ಲಿ ಇಲ್ಲಿನ ಬರಹಗಾರರ ಮುಷ್ಕರ ನೆನಪಿದೆಯಾ? ಮೇ 2ರಿಂದ ಸೆಪ್ಟೆಂಬರ್ 27ರವರೆಗೆ. ಪತ್ರಿಕೆಗಳು ಎಐ, ಸ್ಟ್ರೀಮಿಂಗ್ ಅಂತಲೇ ಬರೆದವು. ಆದರೆ ಆ ಒಪ್ಪಂದದಲ್ಲಿ ಜೋಡಿಗಳಿಗೂ ಒಂದು ಗೆಲುವಿತ್ತು. ಪೆನ್ಷನ್, ಆರೋಗ್ಯ ನಿಧಿಗೆ ಹಣ ಕಟ್ಟುವಾಗ ಇಬ್ಬರನ್ನೂ ಒಂಟಿ ಬರಹಗಾರರ ಹಾಗೆ ಲೆಕ್ಕ ಹಾಕಬೇಕು ಅಂತಾಯಿತು. ಸಂಭಾವನೆ ಮಾತ್ರ ಈಗಲೂ ಅರ್ಧರ್ಧವೇ.

ತೆರೆಯ ಮೇಲೆ ಹೆಸರು ಬರುವಾಗ ಗಮನಿಸಿ. ಎರಡು ಹೆಸರಿನ ನಡುವೆ '&' ಗುರುತಿದ್ದರೆ ಅವರು ಜೋಡಿ. 'ಆ್ಯಂಡ್' ಅಂತ ಅಕ್ಷರದಲ್ಲಿ ಇದ್ದರೆ ಬೇರೆ ಬೇರೆಯಾಗಿ ಬರೆದವರು, ಸಾಮಾನ್ಯವಾಗಿ ಒಬ್ಬರದ್ದನ್ನು ಇನ್ನೊಬ್ಬರು ತಿದ್ದಿದವರು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಕ್ಕೂ ಇಲ್ಲ. ತುಂಬ ಹಳೇ ಸಿನಿಮಾಗಳಿಗೆ ಈ ಲೆಕ್ಕ ಹಾಕಬೇಡಿ. ಹೆಸರು ಯಾರದ್ದು ಅಂತ ತಕರಾರು ಬಂದರೆ ಗಿಲ್ಡ್‌ನ ಮೂವರು ಸದಸ್ಯರು ಎಲ್ಲ ಕರಡುಗಳನ್ನೂ ಓದಿ ತೀರ್ಪು ಕೊಡುತ್ತಾರೆ. ಬರೆದವರ ಹೆಸರು ಅವರಿಗೆ ತಿಳಿಸುವುದಿಲ್ಲ, ಬರಹಗಾರ 'ಎ', ಬರಹಗಾರ 'ಬಿ' ಅಂತ ಮಾತ್ರ.

ಕೊನೆಗೆ ನನ್ನ ಕೋಣೆಯ ವಿಷಯ. ಕಾಮಿಡಿ ಶೂಟಿಂಗ್ ಮುಗಿದ ಮೇಲೂ ಬರೆಯುತ್ತಲೇ ಇರುತ್ತಾರೆ. ಒಂದೇ ಸಾಲಿಗೆ ಐದಾರು ಬದಲಿ ಜೋಕ್ ಬರೆದು, ನಟರಿಂದ ಎಲ್ಲವನ್ನೂ ಹೇಳಿಸಿರುತ್ತಾರೆ. ಅದನ್ನು 'ಆಲ್ಟ್' ಅನ್ನುತ್ತಾರೆ. ಪ್ರೇಕ್ಷಕರನ್ನು ಕೂರಿಸಿ ತೋರಿಸಿದಾಗ ಯಾವುದಕ್ಕೆ ನಗು ಬಂತೋ ಅದು ಉಳಿಯುತ್ತದೆ. ಯಾವುದಕ್ಕೂ ಬರಲಿಲ್ಲವೋ, ನಟನ ಬೆನ್ನು ಕ್ಯಾಮೆರಾಕ್ಕೆ ಇರುವ ಶಾಟ್ ಎಲ್ಲಿದೆ ಅಂತ ನನ್ನನ್ನು ಹುಡುಕಿಸುತ್ತಾರೆ. ತುಟಿ ಕಾಣದಿದ್ದರೆ ಹೊಸ ಮಾತು ಡಬ್ ಮಾಡಬಹುದಲ್ಲ! ಒಂದು ಜೋಡಿಯನ್ನು ನೋಡಿದ್ದೇನೆ: ಒಬ್ಬ ಪರದೆ ನೋಡುತ್ತಾನೆ, ಇನ್ನೊಬ್ಬ ಪರದೆಗೆ ಬೆನ್ನು ಹಾಕಿ ನಮ್ಮ ಮುಖಗಳನ್ನೇ ನೋಡುತ್ತಾನೆ. ನನಗೆ ಆಕಳಿಕೆ ಬಂದರೂ ಬರೆದುಕೊಳ್ಳುತ್ತಾನೆ. ಅದಕ್ಕೇ ನಾನು ಅವರು ಬರುವ ದಿನ ಎರಡು ಕಾಫಿ ಜಾಸ್ತಿ ಕುಡಿಯುತ್ತೇನೆ.

ಕಾಫಿಪುಡಿ:

ಚೆನ್ನಾಗಿದೆ. ಆದರೆ ಒಂದು ತಕರಾರು. ವೈಲ್ಡರ್ ನಿರ್ದೇಶಕ, ಹೆಸರು ಅವರದ್ದೇ. ಡೈಮಂಡ್ ಯಾರಿಗೆ ನೆನಪಿದ್ದಾರೆ? ಜೋಡಿ ಅಂದರೆ ಒಬ್ಬನಿಗೆ ಕೀರ್ತಿ, ಇನ್ನೊಬ್ಬನಿಗೆ ಟೈಪಿಂಗ್ ಅನ್ನಿಸಲ್ವಾ?

ಧಾರವಾಡದಾಂವ:

ಜನರ ಬಾಯಲ್ಲಿ ಹೌದು. ಕೆಲಸದಲ್ಲಿ ಅಲ್ಲ. 'ದಿ ಅಪಾರ್ಟ್‌ಮೆಂಟ್' ಚಿತ್ರಕಥೆಯ ಆಸ್ಕರ್ ಇಬ್ಬರಿಗೂ ಬಂತು. ಶೂಟಿಂಗ್ ನಡೆಯುವಾಗಲೂ ಡೈಮಂಡ್ ಸೆಟ್‌ನಲ್ಲೇ ಇರುತ್ತಿದ್ದರು. ನಟರು ಬರೆದ ಮಾತನ್ನು ಬರೆದ ಹಾಗೇ ಹೇಳುತ್ತಾರಾ ಅಂತ ಕಾಯುವುದೇ ಕೆಲಸ. ಒಂದು ಪದ ಆಚೀಚೆ ಆದರೂ ಜೋಕ್‌ನ ತಾಳ ತಪ್ಪುತ್ತದೆ.

ತಾಳ ಅಂದಿದ್ದಕ್ಕೆ ನೆನಪಾಯಿತು. 'ಸಮ್ ಲೈಕ್ ಇಟ್ ಹಾಟ್'ನಲ್ಲಿ ಲೆಮನ್ ತನ್ನ ಮದುವೆ ನಿಶ್ಚಯ ಆಯಿತು ಅಂತ ಟೋನಿ ಕರ್ಟಿಸ್‌ಗೆ ಹೇಳುವ ದೃಶ್ಯ ಮತ್ತೊಮ್ಮೆ ನೋಡಿ. ಕೈಯಲ್ಲಿ ಎರಡು ಗಿಲಕಿ, ಮರಾಕಾ ಅನ್ನುತ್ತಾರಲ್ಲ. ಒಂದೊಂದು ಮಾತು ಆದ ಮೇಲೂ ಅದನ್ನು ಅಲ್ಲಾಡಿಸಿಕೊಂಡು ಕುಣಿಯುತ್ತಾನೆ. ಅದು ವೈಲ್ಡರ್ ಉಪಾಯ. ಥಿಯೇಟರ್‌ನಲ್ಲಿ ಜನ ನಗುತ್ತಿರುವಾಗ ಮುಂದಿನ ಜೋಕ್ ಕೇಳಿಸದೆ ಹೋಗಬಾರದು, ಹಾಗಂತ ನಟ ಸುಮ್ಮನೆ ನಿಂತರೆ ಖಾಲಿ ಕಾಣುತ್ತದೆ. ನಗುವಿಗೆ ಜಾಗ ಗಿಲಕಿ ಕೊಟ್ಟಿತು. ನಾಟಕದವರಿಗೆ ಇದು ಹೇಳಬೇಕಾಗಿಲ್ಲ, ನೀವು ಜನರ ನಗು ನಿಲ್ಲುವವರೆಗೆ ಕಾಯಬಹುದು. ವೆಬ್ ಸರಣಿಯಲ್ಲಿ ಆ ಸೌಲಭ್ಯ ಇಲ್ಲ, ಮೂರನೇ ಬೆಲ್ ಅವರೇ. ಬರೆಯುವಾಗಲೇ ಯೋಚಿಸಿ.

ಮೂರನೇ ಬೆಲ್:

ತುಂಬಾ ಧನ್ಯವಾದ. ಗೆಳೆಯನಿಗೂ ಓದಿಸಿದೆ. '36 ಚಿಲ್ಲರೆ' ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾವಿಬ್ಬರೂ ಇನ್ನೂ ಏನೂ ಬರೆದು ಸಹಿ ಹಾಕಿಕೊಂಡಿಲ್ಲ. ಗೆಳೆಯರ ನಡುವೆ ಅದೆಲ್ಲ ಬೇಕಾ?

ಧಾರವಾಡದಾಂವ:

ಬೇಕು. ಗೆಳೆಯರಿಗೇ ಬೇಕು. ರೈಟರ್ಸ್ ಗಿಲ್ಡ್ ತಾಣದಲ್ಲಿ ಜೋಡಿ ಬರಹಗಾರರಿಗಾಗಿಯೇ ಒಂದು ಮಾದರಿ ಒಪ್ಪಂದಪತ್ರ ಇದೆ. ಅಲ್ಲಿನ ಗಿಲ್ಡ್ ನಿಯಮಗಳು ನಿಮಗೆ ಅನ್ವಯಿಸುವುದಿಲ್ಲ, ಆದರೆ ಯಾವ ಯಾವ ಪ್ರಶ್ನೆ ಕೇಳಿಕೊಳ್ಳಬೇಕು ಅಂತ ಗೊತ್ತಾಗುತ್ತದೆ. ಯಾರ ಪಾಲು ಎಷ್ಟು, ಹೆಸರು ಯಾವ ಕ್ರಮದಲ್ಲಿ, ಒಬ್ಬ ಅರ್ಧಕ್ಕೆ ಬಿಟ್ಟರೆ ಕಥೆ ಯಾರದ್ದು. ಮೂರನೆಯದ್ದೇ ಮುಖ್ಯ. ಊರಿನ ಯಾರಾದರೂ ವಕೀಲರಿಗೆ ತೋರಿಸಿ, ನಿರ್ಮಾಪಕರ ಮುಂಗಡ ಕೈಗೆ ಬರುವ ಮೊದಲೇ ಇಬ್ಬರೂ ಸಹಿ ಮಾಡಿ. ಮುಂಗಡ ಬಂದ ಮೇಲೆ ಆ ಮಾತು ಎತ್ತುವುದು ಕಷ್ಟ.